ಒಡೆಯನಿಗೆ ಕಿಟಕಿ ತೆರೆದವನು

ಕೆಲವು ತಿಂಗಳ ಹಿಂದೆ ಭಾನುವಾರದ ಪೂಜೆ ಮುಗಿದ ಬಳಿಕ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಇಗರ್ಜಿಯ ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದ. 2023ರಲ್ಲಿ ತೆರೆಕಂಡ 'ರೆನ್‌ಫೀಲ್ಡ್' ಎಂಬ ಇಂಗ್ಲಿಷ್ ಚಲನಚಿತ್ರವನ್ನು ಅವನು ನೋಡಿದ್ದನಂತೆ. "ಫಾದರ್, ಆ ಡ್ರಾಕುಲಾನ ಆಳಿಗೆ ಕ್ಷಮೆ ಸಿಗಬಹುದೇ?" ಎಂದು ಕೇಳಿದ. ಪ್ರಶ್ನೆ ತಮಾಷೆಯದೆಂದು ಅವನ ಗೆಳೆಯರು ನಕ್ಕರು. ನಾನು ನಗಲಿಲ್ಲ. ಆ ಚಿತ್ರದಲ್ಲಿ ರೆನ್‌ಫೀಲ್ಡ್ ಕೆಟ್ಟ ಒಡೆಯನ ಕೈಗೆ ಸಿಕ್ಕಿ ನಲುಗಿದ ಬಡಪಾಯಿ. ಅಂಥವನನ್ನು ಕ್ಷಮಿಸಲು ನಮಗೆ ಹೆಚ್ಚು ಶ್ರಮ ಬೇಕಿಲ್ಲ. ಆದರೆ ಐರ್ಲೆಂಡಿನ ಲೇಖಕ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯ ರೆನ್‌ಫೀಲ್ಡ್ ಅಷ್ಟು ಸುಲಭದ ಮನುಷ್ಯನಲ್ಲ.

ಕತೆಯನ್ನು ಓದದವರಿಗಾಗಿ ಎರಡು ಮಾತು. ರಕ್ತ ಹೀರಿ ಬದುಕುವ ಪ್ರೇತರೂಪಿ ಡ್ರಾಕುಲಾ ಟ್ರಾನ್ಸಿಲ್ವೇನಿಯದಿಂದ ಇಂಗ್ಲೆಂಡಿಗೆ ಬಂದು, ಪರ್‌ಫ್ಲೀಟ್ ಎಂಬಲ್ಲಿ ತಾನು ಮೊದಲೇ ಕೊಂಡಿದ್ದ ಹಳೆಯ ಬಂಗಲೆಯೊಂದನ್ನು ಸೇರುತ್ತಾನೆ. ಪಕ್ಕದಲ್ಲೇ ಡಾಕ್ಟರ್ ಸೀವರ್ಡ್ ನಡೆಸುವ ಹುಚ್ಚಾಸ್ಪತ್ರೆ. ಅಲ್ಲಿಯ ರೋಗಿ ರೆನ್‌ಫೀಲ್ಡ್, ವಯಸ್ಸು 59. ಅವನು ನೊಣಗಳನ್ನು ಹಿಡಿದು ಜೇಡಗಳಿಗೆ ತಿನ್ನಿಸುತ್ತಾನೆ, ಜೇಡಗಳನ್ನು ಗುಬ್ಬಚ್ಚಿಗಳಿಗೆ. ಕೊನೆಗೆ ಗುಬ್ಬಚ್ಚಿಗಳನ್ನು ತಾನೇ ಹಸಿಹಸಿಯಾಗಿ ತಿನ್ನುತ್ತಾನೆ. ಬೆಕ್ಕಿನ ಮರಿಯೊಂದು ಬೇಕೆಂದು ಗೋಗರೆಯುತ್ತಾನೆ. ಎಷ್ಟು ಜೀವಗಳು ತನ್ನೊಳಗೆ ಸೇರಿದವೆಂಬ ಲೆಕ್ಕವನ್ನು ಪುಟ್ಟ ಪುಸ್ತಕವೊಂದರಲ್ಲಿ ಕೂಡಿಸಿ ಬರೆದಿಡುತ್ತಾನೆ. ದುಷ್ಟತನ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವುದನ್ನು ನಾವು ಕತೆಯಲ್ಲಿ ಮಾತ್ರ ಕಂಡಿಲ್ಲ.

ಈ ಪಾತ್ರದ ಒಳಗುಟ್ಟು ಹೊರಬೀಳುವುದು ಡಾಕ್ಟರೊಂದಿಗಿನ ಒಂದು ಸಂಭಾಷಣೆಯಲ್ಲಿ. ಇಷ್ಟೊಂದು ಜೀವಗಳನ್ನು ನುಂಗಿದರೆ ಅವುಗಳ ಆತ್ಮಗಳ ಗತಿ ಏನೆಂದು ಸೀವರ್ಡ್ ಕೆಣಕುತ್ತಾನೆ. ರೆನ್‌ಫೀಲ್ಡ್ ಕಂಗೆಡುತ್ತಾನೆ, ರೇಗುತ್ತಾನೆ. ತನಗೆ ಆತ್ಮಗಳು ಬೇಡವೇ ಬೇಡ, ಜೀವ ಮಾತ್ರ ಸಾಕು ಎನ್ನುತ್ತಾನೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಈ ಪುಟದ ಬಳಿ ನಾನು ಬಹಳ ಹೊತ್ತು ನಿಂತದ್ದುಂಟು. ಪರರ ಬಾಳಿನ ಸಾರವೆಲ್ಲ ತನಗಿರಲಿ, ಅವರ ಹೊಣೆಯ ಲೆಕ್ಕ ಮಾತ್ರ ತನ್ನ ತಲೆಗೆ ಬರದಿರಲಿ ಎಂಬ ಈ ಆಸೆಯೇ ಅವನನ್ನು ಡ್ರಾಕುಲಾನಿಗೆ ಒಪ್ಪುವ ಆಳಾಗಿ ಮಾಡಿತ್ತು. ಒಡೆಯ ಅವನಲ್ಲಿ ಹೊಸ ಆಸೆಯನ್ನೇನೂ ಬಿತ್ತಲಿಲ್ಲ. ಇದ್ದುದಕ್ಕೆ ನೀರೆರೆದ, ಅಷ್ಟೆ.

ಮನೆಯ ಒಳಗಿನವರು ಯಾರಾದರೂ ಕರೆಯದೆ ಆ ಪ್ರೇತ ಮೊದಲ ಸಲ ಹೊಸ್ತಿಲು ದಾಟಲಾರದು. ಡ್ರಾಕುಲಾ ಕಿಟಕಿಯ ಹೊರಗೆ ನಿಂತು, ಕೆಂಗಣ್ಣಿನ ಸಾವಿರಾರು ಇಲಿಗಳನ್ನು ತೋರಿಸಿ, ತನಗೆ ಅಡ್ಡಬಿದ್ದರೆ ಈ ಜೀವಗಳನ್ನೆಲ್ಲ ಕೊಡುವೆನೆಂದು ಆಮಿಷ ಒಡ್ಡುತ್ತಾನೆ. ಮರುಭೂಮಿಯಲ್ಲಿ ಪ್ರಭು ಯೇಸುವಿಗೆ ಎದುರಾದ ಶೋಧನೆಯನ್ನು ಬಲ್ಲ ವಾಚಕರಿಗೆ ಇದರ ಮೂಲವನ್ನು ಹೇಳಬೇಕಾಗಿಲ್ಲ. ರೆನ್‌ಫೀಲ್ಡ್ ಕಿಟಕಿ ತೆರೆದು, ಒಡೆಯನೆಂದು ಸಂಬೋಧಿಸಿ ಒಳಕ್ಕೆ ಕರೆಯುತ್ತಾನೆ. ಅದೇ ಮನೆಯಲ್ಲಿ ಅತಿಥಿಯಾಗಿದ್ದ ಮೀನಾ ಹಾರ್ಕರ್ ಎಂಬ ಸಾಧ್ವಿಯ ರಕ್ತಕ್ಕೆ ಹೀಗೆ ದಾರಿಯಾಯಿತು.

ಅವನು ಹುಚ್ಚನಲ್ಲವೇ, ಹುಚ್ಚನಿಗೆಲ್ಲಿಯ ಪಾಪ ಎನ್ನಬಹುದು. ಪಾಪವು ಮಾರಕವಾಗಲು ವಿಷಯದ ಗಾಂಭೀರ್ಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಮೂರೂ ಬೇಕೆಂದು ಧರ್ಮಸಭೆ ಕಲಿಸುತ್ತದೆ. ಕೊನೆಯ ಎರಡು ಇವನಲ್ಲಿ ಎಷ್ಟಿದ್ದವೋ ದೇವರೇ ಬಲ್ಲ. ಆದರೆ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಕುಡಿದವನ ದೃಷ್ಟಾಂತ ಕೊಡುತ್ತಾನೆ. ಅಮಲಿನಲ್ಲಿ ಮಾಡಿದ ಕೃತ್ಯದ ಅರಿವು ಅವನಿಗಿರಲಿಲ್ಲ ನಿಜ, ಆದರೆ ಕುಡಿಯದಿರುವುದು ಅವನ ಕೈಯಲ್ಲೇ ಇತ್ತು. ರೆನ್‌ಫೀಲ್ಡನ ಪುಟ್ಟ ಪುಸ್ತಕದ ಮೊದಲ ಪುಟಗಳು ಆ ಕುಡಿತದ ಮೊದಲ ಲೋಟಗಳೋ, ರೋಗದ ಮೊದಲ ಲಕ್ಷಣಗಳೋ? ಸ್ಟೋಕರ್ ಹೇಳುವುದಿಲ್ಲ. ಅವನ ಹೊಣೆ ತಗ್ಗುತ್ತದೆ, ಅಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ. ಪೂರ್ತಿ ನಿರ್ದೋಷಿಯೆಂದು ಬಿಟ್ಟುಬಿಟ್ಟರೆ ಕ್ಷಮೆಯ ಮಾತಿಗೇ ಎಡೆಯಿಲ್ಲ. ಹುಚ್ಚುನಾಯಿಯನ್ನು ಯಾರೂ ಕ್ಷಮಿಸುವುದಿಲ್ಲ.

ಇನ್ನು, ಬಹಳ ಮಂದಿ ಗಮನಿಸದೆ ದಾಟಿಹೋಗುವ ಒಂದು ಪ್ರಸಂಗ. ಮೀನಾ ಮೊದಲ ಬಾರಿ ಕೊಠಡಿಗೆ ಬಂದಾಗ ಅವಳು ಅವನನ್ನು ಮರ್ಯಾದೆಯಿಂದ ಮಾತನಾಡಿಸುತ್ತಾಳೆ. ಅವನೂ ಸಭ್ಯ ಗೃಹಸ್ಥನಂತೆ ಉತ್ತರಿಸಿ, ಈ ಮನೆಯಲ್ಲಿ ಉಳಿಯಬೇಡಿರೆಂದು ಎಚ್ಚರಿಸುತ್ತಾನೆ. ಅಂದಿನ ರಾತ್ರಿಯೇ ಸೀವರ್ಡ್, ವಾನ್ ಹೆಲ್ಸಿಂಗ್ ಮೊದಲಾದವರ ಮುಂದೆ ಮೊಣಕಾಲೂರಿ, ತನ್ನನ್ನು ಈಗಿಂದೀಗಲೇ ಬೇರೆಡೆಗೆ ಕಳುಹಿಸಿ ಎಂದು ಅಂಗಲಾಚುತ್ತಾನೆ. ಸರಪಳಿ ಬಿಗಿದು ಸೆರೆಮನೆಗೆ ಕಳುಹಿಸಿದರೂ ಸರಿ, ಇಲ್ಲಿ ಮಾತ್ರ ಇರಿಸಬೇಡಿ. ಕಾರಣ ಕೇಳಿದರೆ ಹೇಳಲಾರ. ಡಾಕ್ಟರು ಅದನ್ನು ಹುಚ್ಚಿನ ಮತ್ತೊಂದು ವರಸೆಯೆಂದು ತಳ್ಳಿಹಾಕುತ್ತಾನೆ. ಪಾಪದ ಸಂದರ್ಭಗಳಿಂದ ದೂರವಿರುವೆನೆಂದು ನಾವು ಪಶ್ಚಾತ್ತಾಪದ ಪ್ರಾರ್ಥನೆಯಲ್ಲಿ ಎಷ್ಟು ಸರಾಗವಾಗಿ ಹೇಳುತ್ತೇವೆ! ಇವನು ಅದಕ್ಕಾಗಿ ಸರಪಳಿಯನ್ನೇ ಬೇಡಿದ. ತನ್ನ ಮೇಲೆ ತನಗೇ ಭರವಸೆಯಿಲ್ಲವೆಂದು ಒಪ್ಪಿಕೊಂಡವನ ಬಾಯಲ್ಲಿ ಬರುವುದು ಇದೇ ಮಾತು. ಅದೇ ರಾತ್ರಿ ಮೀನಾಳ ಮೇಲೆ ಮೊದಲ ದಾಳಿ ನಡೆಯುತ್ತದೆ. ರೆನ್‌ಫೀಲ್ಡನಿಗೆ ಕ್ಷಮೆ ಇದೆಯೇ ಎಂದು ಕೇಳುವವರು, ಸೀವರ್ಡನೂ ಅವನಲ್ಲಿ ಕ್ಷಮೆ ಕೇಳಬೇಕಾಗಿತ್ತಲ್ಲವೇ ಎಂದು ಕೇಳುವುದನ್ನು ನಾನು ಕಂಡಿಲ್ಲ.

ಮುಂದಿನ ಭೇಟಿಯಲ್ಲಿ ಅವಳ ಮುಖದ ಬಿಳಿಚನ್ನು ಕಂಡು ಅವನಿಗೆ ಎಲ್ಲವೂ ಅರ್ಥವಾಗುತ್ತದೆ. ಆ ರಾತ್ರಿ ಮಂಜಿನ ರೂಪದಲ್ಲಿ ಬಂದ ಒಡೆಯನನ್ನು ಆಳು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಗೆದ್ದೇಬಿಟ್ಟೆ ಎನ್ನುವಷ್ಟರಲ್ಲಿ ಆ ಕಣ್ಣುಗಳು ಅವನ ಬಲವನ್ನು ಕರಗಿಸುತ್ತವೆ. ಡ್ರಾಕುಲಾ ಅವನನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ. ಸಾಯುವ ಮುನ್ನ ಅವನು ಡಾಕ್ಟರುಗಳಿಗೆ ಎಲ್ಲವನ್ನೂ ತಿಳಿಸುತ್ತಾನೆ, ಕಿಟಕಿ ತೆರೆದದ್ದು ತಾನೇ ಎಂಬುದನ್ನೂ ಸೇರಿಸಿ. ಆ ನಿವೇದನೆಯಲ್ಲಿ ಒಂದು ಸಣ್ಣ ಮಾತಿದೆ, ನನಗೆ ಅದು ಬಹಳ ಮುಖ್ಯ. ಕಿಟಕಿ ತೆರೆದ ಮರುದಿನವೆಲ್ಲ ಕಾದರೂ ಒಡೆಯ ಒಂದು ನೊಣವನ್ನೂ ಕಳುಹಿಸಲಿಲ್ಲವೆಂದು ತನಗೆ ಸಿಟ್ಟು ಬಂದಿತ್ತಂತೆ. ಅಂದರೆ ಕೂಲಿ ಸಿಗದ ಆಳಿನ ಅಸಮಾಧಾನವೂ ಆ ಹೋರಾಟದಲ್ಲಿ ಬೆರೆತಿತ್ತು. ಅವನು ಅದನ್ನೂ ಮುಚ್ಚಿಡಲಿಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯು ದೇವಪ್ರೀತಿಯಿಂದ ಹುಟ್ಟುವ ಪರಿಪೂರ್ಣ ಮನಸ್ತಾಪವನ್ನೂ, ಪಾಪದ ಹೇಸಿಗೆಯಿಂದಲೋ ಶಿಕ್ಷೆಯ ಭಯದಿಂದಲೋ ಹುಟ್ಟುವ ಅಪೂರ್ಣ ಮನಸ್ತಾಪವನ್ನೂ ಬೇರ್ಪಡಿಸಿ, ಎರಡನೆಯದೂ ದೇವರ ವರವೇ ಎಂದು ಸಾರಿತು. ಪಾಪನಿವೇದನೆಯ ಪೀಠದಲ್ಲಿ ಕುಳಿತವರಿಗೆ ಅದರ ಬೆಲೆ ಗೊತ್ತು. ಅಪ್ಪಟ ಚಿನ್ನವನ್ನೇ ತರಬೇಕೆಂದಿದ್ದರೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ, ನಾನೂ ಸೇರಿ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: ಕ್ಷಮೆಗೆ ಅವನು ಅರ್ಹನೇ ಎಂದು ಕೇಳಬೇಡ, ಕೂಲಿಗೆ ಅರ್ಹತೆ ಬೇಕು, ಕ್ಷಮೆ ಕೂಲಿಯಲ್ಲ. ಅವನೊಳಗೆ ಕ್ಷಮೆಯನ್ನು ಬೇಡುವವನೊಬ್ಬ ಇದ್ದನೇ ಎಂದು ಕೇಳು. ಮೊದಲು ಕ್ಷಮಿಸಬೇಕಾದವಳು ಮೀನಾ. ಡ್ರಾಕುಲಾನಿಗೂ ಕರುಣೆ ತೋರಿರೆಂದು ಗಂಡನನ್ನೂ ಗೆಳೆಯರನ್ನೂ ಬೇಡಿದವಳು ಅವಳು. ಆಳಿಗೆ ಅವಳು ಅದನ್ನು ನಿರಾಕರಿಸುತ್ತಿದ್ದಳೆಂದು ನನಗೆ ತೋರುವುದಿಲ್ಲ. ಯುವಕನಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಆದರೂ ಕಿಟಕಿ ತೆರೆದದ್ದು ಅವನೇ ಅಲ್ಲವೇ ಫಾದರ್" ಎಂದ. ಹೌದು ಎಂದೆ.

ಅಂದು ರಾತ್ರಿ ಕೊಠಡಿಯ ಹೊರಗೆ ತೂಕಡಿಸುತ್ತಿದ್ದ ಕಾವಲಾಳು ಒಳಗೆ ಜೋರು ಮಾತುಗಳನ್ನು ಕೇಳಿದ್ದ. ಬಳಿಕ ರೆನ್‌ಫೀಲ್ಡ್ ದೇವರನ್ನು ಮತ್ತೆ ಮತ್ತೆ ಗಟ್ಟಿಯಾಗಿ ಕರೆದನೆಂದೂ, ಆಮೇಲೆ ಬಿದ್ದ ಸದ್ದಾಯಿತೆಂದೂ ತಿಳಿಸಿದ. ಇದೇ ಸಾಕ್ಷ್ಯವನ್ನು ಆಧರಿಸಿ, ಮಂಚದಿಂದ ಬಿದ್ದು ಆಕಸ್ಮಿಕ ಮರಣವೆಂದು ಪ್ರಮಾಣಪತ್ರ ಕೊಡಬಹುದೆಂದು ಡಾಕ್ಟರ್ ಸೀವರ್ಡ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಬಿದ್ದ ಸದ್ದು ಅದಕ್ಕೆ ಸಾಕಾಗಿತ್ತು. ಅದಕ್ಕೆ ಮುಂಚಿನ ಕೂಗಿಗೆ ಅಂಥ ಪತ್ರಗಳಲ್ಲಿ ಜಾಗವಿರುವುದಿಲ್ಲ.