ಕಾರಿನೊಳಗಿನ ಕಣ್ಣು

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು, ರೇಡಿಯೋ ಅಲೆಗಳಿಂದ ನಡೆಯುವ ಆಟಿಕೆಯ ಕಾರಿನೊಳಗೆ ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ನಿಸ್ತಂತು ಕ್ಯಾಮೆರಾವೊಂದನ್ನು ಅಳವಡಿಸಿದನು. ಕಾರು ಪ್ರಯೋಗಶಾಲೆಯ ಬಾಗಿಲನ್ನು ದಾಟಿ ಪಡಸಾಲೆಯ ತಿರುವಿನಲ್ಲಿ ಮರೆಯಾಯಿತು. ಹುಡುಗನು ಕುಳಿತಲ್ಲಿಂದ ಕದಲದೆ, ಎದುರಿಗಿದ್ದ ತೆರೆಯನ್ನು ನೋಡುತ್ತ ಅದನ್ನು ನಡೆಸುತ್ತಿದ್ದನು. ತೆರೆಯ ಮೇಲೆ ಗೋಡೆಯು ಇನ್ನೂ ಒಂದು ಮೀಟರಿನಷ್ಟು ದೂರವಿರುವಂತೆ ಕಾಣುತ್ತಿರುವಾಗಲೇ ಧಡ್ಡೆಂದು ಸದ್ದಾಯಿತು! ಹೋಗಿ ನೋಡಿದರೆ ಕಾರಿನ ಮೂತಿ ಜಜ್ಜಿಹೋಗಿತ್ತು. ಹಾಗಾದರೆ ಕ್ಯಾಮೆರಾ ಸುಳ್ಳು ಹೇಳಿತೇ?

ಮೊದಲು ಕಾರಿನ ಒಳಗನ್ನು ನೋಡೋಣ. ಇಲ್ಲಿ ಎರಡು ಬಗೆಯ ಸಂದೇಶಗಳು ಎದುರು ದಿಕ್ಕುಗಳಲ್ಲಿ ಸಾಗುತ್ತವೆ. ಚಾಲಕನ ಆಜ್ಞೆ ಕಾರಿಗೆ ಬರುತ್ತದೆ; ಚಿತ್ರ ಚಾಲಕನಿಗೆ ಹೋಗುತ್ತದೆ. ಒಂದೇ ಪಡಸಾಲೆಯಲ್ಲಿ ಎರಡು ಸಂಗೀತ ಕಚೇರಿಗಳು ನಡೆದರೆ ಎರಡೂ ಕೆಡುತ್ತವಷ್ಟೆ. ಆದುದರಿಂದ ಇವಕ್ಕೆ ಬೇರೆ ಬೇರೆ ಆವೃತ್ತಿಯ ಅಲೆಗಳು ಬೇಕು. ನಮ್ಮ ಕಾರಿನಲ್ಲಿ ಆಜ್ಞೆಗೆ 27 ಮೆಗಾಹರ್ಟ್ಸ್, ಚಿತ್ರಕ್ಕೆ 2,400 ಮೆಗಾಹರ್ಟ್ಸ್. ಮೊದಲನೆಯ ಅಲೆಯ ಉದ್ದ ಸುಮಾರು 11 ಮೀಟರು. ಎರಡನೆಯದು ಕೇವಲ 12.5 ಸೆಂಟಿಮೀಟರು. ಅಲೆಯ ನಾಲ್ಕನೆಯ ಒಂದು ಭಾಗದಷ್ಟು ಉದ್ದದ ಆಂಟೆನಾ ಚೆನ್ನಾಗಿ ಕೆಲಸ ಮಾಡಬಲ್ಲುದು. ಆದುದರಿಂದ ಚಿತ್ರವನ್ನು ಕಳುಹಿಸಲು 3 ಸೆಂಟಿಮೀಟರಿನ ತಂತಿ ಸಾಕಾಯಿತು.

ಮತ್ತೊಂದು ತೊಡಕೂ ಇತ್ತು. ಮೋಟಾರಿನ ಬ್ರಷ್‌ಗಳಲ್ಲಿ ಏಳುವ ಸಣ್ಣ ಕಿಡಿಗಳು ತಾವೂ ರೇಡಿಯೋ ಅಲೆಗಳನ್ನು ಎಬ್ಬಿಸುತ್ತವೆ. ಬ್ಯಾಟರಿಯ ವಿದ್ಯುತ್ತನ್ನೂ ಕದಡುತ್ತವೆ. ಮೋಟಾರಿನ ಎರಡು ತುದಿಗಳ ನಡುವೆ ಚಿಕ್ಕ ಕೆಪಾಸಿಟರ್ ಒಂದನ್ನು ಬೆಸೆದು, ಕ್ಯಾಮೆರಾಕ್ಕೆ ಪ್ರತ್ಯೇಕ ಬ್ಯಾಟರಿಯನ್ನು ಕೊಟ್ಟ ಮೇಲೆ ಚಿತ್ರವು ಸ್ಥಿರವಾಯಿತು.

ಇಷ್ಟೆಲ್ಲ ಮಾಡಿದರೂ ಕಾರು ಗೋಡೆಗೆ ಬಡಿದುದೇಕೆ? ಅಲೆಗಳು ನಿಧಾನವಾಗಿ ಬಂದುವೆನ್ನಲಾಗದು. 10 ಮೀಟರು ಕ್ರಮಿಸಲು ಅವಕ್ಕೆ ಸೆಕೆಂಡಿನ ಮೂರು ಕೋಟಿಯ ಒಂದು ಭಾಗ ಸಾಕು. ತಡವಾದುದು ದಾರಿಯಲ್ಲಲ್ಲ, ದಾರಿಯ ಎರಡು ತುದಿಗಳಲ್ಲಿ. ಕ್ಯಾಮೆರಾವು ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸಿ, ಅಡಕಗೊಳಿಸಿ, ತುಣುಕು ತುಣುಕಾಗಿ ಕಳುಹಿಸುತ್ತದೆ. ಇತ್ತ ತೆರೆಯು ಅವನ್ನು ಕೂಡಿಸಿ, ಬಿಡಿಸಿ ತೋರಿಸುತ್ತದೆ. ಇದಕ್ಕೆಲ್ಲ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯಿತು. ಕಾರಿನ ವೇಗ ಸೆಕೆಂಡಿಗೆ 5 ಮೀಟರು. ಗುಣಿಸಿ ನೋಡಿರಿ: ಸರಿಯಾಗಿ ಒಂದು ಮೀಟರು! ಹುಡುಗನು ನೋಡುತ್ತಿದ್ದುದು ಕಾರಿನ ವರ್ತಮಾನವನ್ನಲ್ಲ, ಅದರ ಭೂತಕಾಲವನ್ನು.

ಆಟಿಕೆಯಲ್ಲಿ ಇದು ನಗೆಯ ಸಂಗತಿ. ಚಂದ್ರನ ಮೇಲೆ ಹಾಗಲ್ಲ. 1970ರ ನವೆಂಬರ್ 17ರಂದು ಸೋವಿಯತ್ ದೇಶದ ಲೂನೊಖೋದ್-1 ಎಂಬ ಗಾಲಿಬಂಡಿ ಚಂದ್ರನ ನೆಲಕ್ಕಿಳಿಯಿತು. ಭೂಮಿಯಲ್ಲಿ ಕುಳಿತ ಚಾಲಕರು ಅದರ ಕ್ಯಾಮೆರಾಗಳ ಚಿತ್ರಗಳನ್ನು ನೋಡಿಯೇ ಅದನ್ನು ನಡೆಸಬೇಕಾಗಿತ್ತು. ಸುಮಾರು 3,84,000 ಕಿಲೋಮೀಟರು ದೂರ ಚಿತ್ರ ಬಂದು ಆಜ್ಞೆ ಮರಳಲು 2.6 ಸೆಕೆಂಡು ಬೇಕು. ಈ ವಿಳಂಬವನ್ನು ಯಾವ ಯಂತ್ರಕುಶಲತೆಯೂ ತಗ್ಗಿಸಲಾರದು. ಅದು ಬೆಳಕಿನ ವೇಗವೇ ವಿಧಿಸಿದ ಮಿತಿ.

ಉಳಿದಿರುವ ಉಪಾಯ ಒಂದೇ: ನಿಧಾನವಾಗಿ ನಡೆಯುವುದು. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಚಲಿಸಿತು. ಆ ತಿಂಗಳ 27ರಂದು 3 ಮೀಟರು ಮುಂದೆ, 4 ಮೀಟರು ವ್ಯಾಸದ ಕುಳಿಯೊಂದು ಅದರ ಎದುರಾಯಿತು. ಬಂದ ಹಾದಿಯಲ್ಲೇ ಹಿಂದಿರುಗಬೇಕೆಂಬ ಆಜ್ಞೆ ಹೋಯಿತು, ಪ್ರಜ್ಞಾನ್ ಉಳಿಯಿತು. 2.6 ಸೆಕೆಂಡುಗಳಲ್ಲಿ ಅದು ಮೂರು ಸೆಂಟಿಮೀಟರನ್ನೂ ಕ್ರಮಿಸದು. ನಮ್ಮ ಆಟಿಕೆಯ ಕಾರಿನ ವೇಗ ಅದಕ್ಕಿದ್ದಿದ್ದರೆ ಅಷ್ಟು ಹೊತ್ತಿಗೆ 13 ಮೀಟರು ಸಾಗಿ, ಆಜ್ಞೆ ತಲಪುವ ಮೊದಲೇ ಕುಳಿಯ ಪಾಲಾಗುತ್ತಿತ್ತು!

ಇಂಥ ಕಾರನ್ನು ನೀವೂ ಮಾಡುವುದಾದರೆ, ಓಡಿಸುವ ಮೊದಲು ಅದರ ಕ್ಯಾಮೆರಾವನ್ನು ಓಡುತ್ತಿರುವ ಸ್ಟಾಪ್‌ವಾಚಿನತ್ತ ತಿರುಗಿಸಿರಿ. ಗಡಿಯಾರವೂ ತೆರೆಯೂ ಒಟ್ಟಿಗೆ ಬರುವಂತೆ ಒಂದು ಫೋಟೋ ತೆಗೆಯಿರಿ. ಎರಡರಲ್ಲಿ ಕಾಣುವ ವೇಳೆಯ ಅಂತರವೇ ವಿಳಂಬ. ಅದನ್ನು ಕಾರಿನ ವೇಗದಿಂದ ಗುಣಿಸಿದರೆ, ಕುರುಡಾಗಿ ಎಷ್ಟು ದೂರ ಓಡುತ್ತಿದ್ದೀರಿ ಎಂಬುದು ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಯು ಈಗ ತಿರುವು ಬಂದಾಗಲೆಲ್ಲ ಕಾರನ್ನು ನಿಧಾನಿಸುತ್ತಾನೆ.