ಖರ್ಜೂರದ ನೆರಳು, ಮೆಣಸಿನ ಬಳ್ಳಿ

ಕುಮಟಾದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಹತ್ತು-ಹನ್ನೊಂದು ಕಿಲೋಮೀಟರಿನಲ್ಲಿ ಮಿರ್ಜಾನ. ಅಲ್ಲಿ ಅಘನಾಶಿನಿಯ ದಡದ ಬಳಿ ಪಾಚಿ ಹಿಡಿದು ಹಸಿರಾದ ಕೆಂಪು ಚಿರೆಕಲ್ಲಿನ ಕೋಟೆಯೊಂದಿದೆ. ಪ್ರತಿವರ್ಷ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಮಕ್ಕಳು ಗೋಡೆಯ ಮೇಲೆ ಓಡಾಡುತ್ತಾರೆ, ಬಾವಿಗೆ ಇಣುಕಿ ಕೂಗು ಹಾಕಿ ಪ್ರತಿಧ್ವನಿ ಕೇಳುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಮರಳಿ ಬಸ್ಸು ಹತ್ತುತ್ತಾರೆ. ಈ ಕೋಟೆ ಯಾರದೆಂದು ಕೇಳಿದರೆ 'ಕಾಳುಮೆಣಸಿನ ರಾಣಿಯದು' ಎಂಬ ಉತ್ತರ ಸಿಗುತ್ತದೆ. ಆ ರಾಣಿ ಏನು ಮಾಡಿದಳು ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಬಹುಪಾಲು ಬಾಯಿಗಳು ಮುಚ್ಚಿಕೊಳ್ಳುತ್ತವೆ.

ಆ ರಾಣಿ ಗೇರುಸೊಪ್ಪೆಯ ಚೆನ್ನಭೈರಾದೇವಿ. ಸುಮಾರು 1552ರಿಂದ 1606ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಇಂದಿನ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯನ್ನು ಆಳಿದವಳು. ಜೈನ ಧರ್ಮದಲ್ಲಿ ನಿಷ್ಠೆಯುಳ್ಳವಳು. ಆಕೆಯ ಬದುಕನ್ನು ಅರಿಯಲು ದೂರದ ಇನ್ನೊಂದು ಹೆಣ್ಣಿನ ಕತೆ ನೆರವಾಗುತ್ತದೆ. ಅವಳೇ ಬೈಬಲಿನ 'ನ್ಯಾಯಸ್ಥಾಪಕರು' ಎಂಬ ಭಾಗದಲ್ಲಿ ಬರುವ ದೆಬೋರಾ.

ಮರದಡಿಯ ನ್ಯಾಯಾಧೀಶೆ

ಇಸ್ರೇಲಿಗೆ ಆಗಿನ್ನೂ ರಾಜರಿರಲಿಲ್ಲ. ರಾಮಾ ಮತ್ತು ಬೇತೇಲ್ ಎಂಬ ಊರುಗಳ ನಡುವೆ, ಗುಡ್ಡಗಾಡಿನಲ್ಲಿ, ಒಂದು ಖರ್ಜೂರದ ಮರದ ಕೆಳಗೆ ದೆಬೋರಾ ಕುಳಿತುಕೊಳ್ಳುತ್ತಿದ್ದಳು. ವ್ಯಾಜ್ಯವಿದ್ದವರು ಅಲ್ಲಿಗೆ ಬಂದು ನ್ಯಾಯ ಪಡೆದು ಹೋಗುತ್ತಿದ್ದರು. ಆಕೆಗೆ ಸಿಂಹಾಸನವಿಲ್ಲ, ಅರಮನೆಯಿಲ್ಲ. ಜನರ ನಂಬಿಕೆಯೇ ಆಕೆಯ ಅಧಿಕಾರ.

ಹಾಚೋರಿನ ಅರಸ ಯಾಬೀನನ ಕಾಟ ಆ ಜನಕ್ಕೆ ಇಪ್ಪತ್ತು ವರ್ಷಗಳಿಂದ ಇತ್ತು. ಅವನ ಸೇನಾಪತಿ ಸೀಸೆರನ ಬಳಿ 900 ಕಬ್ಬಿಣದ ರಥಗಳಿದ್ದವು. ದೆಬೋರಾ ಬಾರಾಕನೆಂಬ ವೀರನನ್ನು ಕರೆಸಿ, 10,000 ಜನರೊಡನೆ ತಾಬೋರ್ ಬೆಟ್ಟಕ್ಕೆ ಹೋಗೆಂದಳು. ನೀನು ಬಂದರೆ ಮಾತ್ರ ಹೋಗುತ್ತೇನೆ ಎಂದ ಬಾರಾಕ. ಆಕೆ ಅಳುಕಲಿಲ್ಲ. ಬರುತ್ತೇನೆ, ಆದರೆ ಈ ಗೆಲುವಿನ ಕೀರ್ತಿ ನಿನಗೆ ಸಲ್ಲದು, ಹೆಣ್ಣೊಬ್ಬಳಿಗೆ ಸಲ್ಲುವುದು ಎಂದು ನೇರವಾಗಿಯೇ ಹೇಳಿ ಜೊತೆಗೆ ಹೊರಟಳು. ಮಳೆ ಸುರಿಯಿತು, ಕೀಷೋನ್ ಹೊಳೆ ಉಕ್ಕಿತು ಎಂದು ದೆಬೋರಾಳ ಹಾಡು ಸೂಚಿಸುತ್ತದೆ. ಬಯಲಿನಲ್ಲಿ ಹೆದರಿಕೆ ಹುಟ್ಟಿಸುವ ಭಾರದ ರಥ ಕೆಸರಿನಲ್ಲಿ ಹೂತರೆ ಏಳುವುದಿಲ್ಲ. ಗದ್ದೆಯಲ್ಲಿ ಹೂತ ಗಾಡಿಯನ್ನು ಕಂಡ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀಸೆರ ರಥವಿಳಿದು ಕಾಲ್ನಡೆಯಲ್ಲಿ ಓಡಿದ. ಯಾಯೇಲ ಎಂಬ ಹೆಂಗಸಿನ ಗುಡಾರದಲ್ಲಿ ಅವನ ಕತೆ ಮುಗಿಯಿತು. ಬಳಿಕ ನಾಡು 40 ವರ್ಷ ನೆಮ್ಮದಿಯಾಗಿತ್ತು.

ದೆಬೋರಾಳ ಹಾಡು ಹೀಬ್ರೂ ಬೈಬಲಿನ ಅತಿ ಹಳೆಯ ಭಾಗಗಳಲ್ಲಿ ಒಂದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆ ಹಾಡಿನಲ್ಲಿ ಯುದ್ಧಕ್ಕೆ ಬಂದವರಿಗೆ ಹೊಗಳಿಕೆಯಿದೆ. ಕರೆದರೂ ಬಾರದೆ ಕುರಿಹಟ್ಟಿಗಳ ನಡುವೆ, ಹಡಗುಗಳ ಬಳಿ, ಸಮುದ್ರದ ದಂಡೆಯಲ್ಲಿ ಕುಳಿತುಬಿಟ್ಟ ಕುಲಗಳ ಹೆಸರೂ ಇದೆ. ಗೆಲುವಿನ ಸಂಭ್ರಮದಲ್ಲೂ ಆಕೆ ಅದನ್ನು ಮರೆಯಲಿಲ್ಲ.

ಮೆಣಸಿನ ಸೀಮೆಯ ರಾಣಿ

ಈಗ ಶರಾವತಿಯ ದಡಕ್ಕೆ ಮರಳೋಣ. ಗೇರುಸೊಪ್ಪೆ, ಹಾಡುವಳ್ಳಿಗಳನ್ನು ಆಳಿದ ಸಾಳುವ ಮನೆತನದಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ಹಕ್ಕು ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದ ಕಾರಣ ಹೆಣ್ಣು ಪಟ್ಟಕ್ಕೇರುವುದು ಇಲ್ಲಿ ಅಚ್ಚರಿಯಾಗಿರಲಿಲ್ಲ. ಆದರೆ ಪಟ್ಟ ಸಿಕ್ಕುವುದು ಬೇರೆ, ಅದನ್ನು ಐವತ್ತು ವರ್ಷ ಉಳಿಸಿಕೊಳ್ಳುವುದು ಬೇರೆ.

ಆ ಕಾಲದಲ್ಲಿ ಈ ಸೀಮೆಯ ಬಂಗಾರವೆಂದರೆ ಕಾಳುಮೆಣಸು. ಮರಕ್ಕೆ ಹಬ್ಬಿದ ಬಳ್ಳಿಯಿಂದ ಇನ್ನೂ ಹಸಿರಾಗಿರುವ ಕಾಳನ್ನೇ ಕೊಯ್ದು ಬಿಸಿಲಿಗೆ ಹರಡಿದರೆ ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಚೆನ್ನಾಗಿ ಒಣಗಿದ ಕಾಳು ವರ್ಷಗಟ್ಟಲೆ ಕೆಡದು. ಆದ್ದರಿಂದಲೇ ಅದು ಆಫ್ರಿಕಾವನ್ನು ಬಳಸಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುವ ಹಡಗಿನಲ್ಲೂ ಹಾಳಾಗದೆ ಮುಟ್ಟುತ್ತಿತ್ತು. ಅದರ ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ವಸ್ತುವನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಬೇರ್ಪಡಿಸಿದ್ದು 1819ರಲ್ಲಿ. ವಿದ್ಯುತ್ತಿಗೂ ಕಾಂತತ್ವಕ್ಕೂ ನಂಟಿದೆಯೆಂದು ಮರುವರ್ಷ ತೋರಿಸಿದ ವಿಜ್ಞಾನಿಯೂ ಆತನೇ. ಖಾರದ ಗುಟ್ಟು ತಿಳಿಯುವುದಕ್ಕೆ ಮುನ್ನೂರು ವರ್ಷ ಮೊದಲೇ ಪೋರ್ಚುಗೀಸರು ಅದನ್ನು ಅರಸಿ ಈ ತೀರಕ್ಕೆ ಬಂದಿದ್ದರು. ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಈ ಹೆಂಗಸನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು.

ಬಂದವರು ಬರೀ ವ್ಯಾಪಾರಿಗಳಾಗಿರಲಿಲ್ಲ. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಭಟ್ಕಳದ ಮುಂದೆ ನಿಂತು ಕಪ್ಪ ಕೇಳಿದ್ದವು. 1542ರಲ್ಲಿ ಮಾರ್ಟಿಂ ಅಫೋನ್ಸೊ ಡಿ ಸೋಜ ಭಟ್ಕಳವನ್ನು ಸುಲಿದು ಸುಟ್ಟಿದ್ದ. ಚೆನ್ನಭೈರಾದೇವಿ ಪಟ್ಟಕ್ಕೆ ಬಂದಾಗ ಆ ಬೂದಿಯ ನೆನಪು ಜನರಲ್ಲಿ ಹಸಿಯಾಗಿಯೇ ಇದ್ದಿರಬೇಕು.

1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಕುಸಿಯಿತು. ಬೆನ್ನಿಗೆ ನಿಂತಿದ್ದ ದೊಡ್ಡ ಮರವೇ ಉರುಳಿದಂತಾಯಿತು. 1569ರಲ್ಲಿ ಗೋವೆಯ ವೈಸ್‌ರಾಯ್ ಲೂಯಿಸ್ ಡಿ ಅತೈಡೆ ನೌಕಾಬಲದೊಂದಿಗೆ ಬಂದು ಹೊನ್ನಾವರದ ಕೋಟೆಯನ್ನು ಹಿಡಿದ. ರಾಣಿ ಕೈಕಟ್ಟಿ ಕೂರಲಿಲ್ಲ. 1570-71ರಲ್ಲಿ ಬಿಜಾಪುರದ ಆದಿಲ್ ಷಾ ಗೋವೆಯ ಮೇಲೆ, ಅಹಮದನಗರದ ನಿಜಾಮ್ ಷಾ ಚೌಲದ ಮೇಲೆ, ಕಲ್ಲಿಕೋಟೆಯ ಸಾಮೂದಿರಿ ಚಾಲಿಯಂ ಮೇಲೆ ಮುತ್ತಿಗೆ ಹಾಕಿದಾಗ, ಹೊನ್ನಾವರದ ಕೋಟೆಯ ಮೇಲೆ ಹೋದದ್ದು ಗೇರುಸೊಪ್ಪೆಯ ರಾಣಿಯ ಸೈನ್ಯ. ಇಬ್ಬರು ಮುಸಲ್ಮಾನ ಸುಲ್ತಾನರು, ಒಬ್ಬ ಹಿಂದೂ ಅರಸ, ಒಬ್ಬ ಜೈನ ರಾಣಿ, ಹೀಗೆ ನಾಲ್ವರ ಎದುರಾಳಿ ಒಬ್ಬನೇ. ಚಾಲಿಯಂ ಕೋಟೆ ಪೋರ್ಚುಗೀಸರ ಕೈತಪ್ಪಿತು. ಹೊನ್ನಾವರದ ಕೋಟೆ ಮಾತ್ರ ರಾಣಿಗೆ ದಕ್ಕಲಿಲ್ಲ.

ನಾಲ್ಕು ಬಾಗಿಲಿನ ಬಸದಿ

ಗೇರುಸೊಪ್ಪೆಯ ಬಳಿ, ಶರಾವತಿಯ ಆಚೆ ದಡದ ಕಾಡಿನಲ್ಲಿ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಒಳಹೊಕ್ಕರೂ ತೀರ್ಥಂಕರನ ದರ್ಶನ. ರಾಣಿಯ ಆಳ್ವಿಕೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ.

1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಾಲಯ ಆರಂಭವಾಯಿತು. ಗುಡಿಗಳು ಉರುಳಿದ್ದವು. ದೇವರ ಮೂರ್ತಿಗಳನ್ನು ಹೊತ್ತು ಕೊಂಕಣಿ ಮಾತಿನ ಕುಟುಂಬಗಳು ದಕ್ಷಿಣಕ್ಕೆ ಬಂದವು. ಅವರಿಗೆ ಈ ಸೀಮೆಯಲ್ಲಿ ನೆಲೆ ಸಿಕ್ಕಿತು. ಆಶ್ರಯ ಕೊಟ್ಟವಳು ಚೆನ್ನಭೈರಾದೇವಿ ಎಂಬ ನೆನಪನ್ನು ಇಲ್ಲಿನ ಜನ ಉಳಿಸಿಕೊಂಡು ಬಂದಿದ್ದಾರೆ. ಭಟ್ಕಳದಲ್ಲಿ ಇಂದಿಗೂ ಬಸದಿಯಿದೆ, ಕೇತಪೈ ನಾರಾಯಣ ದೇವಾಲಯವಿದೆ, ನವಾಯತರ ಮಸೀದಿಗಳಿವೆ. ಕುದುರೆ ತಂದ ಅರಬರೂ ಅಕ್ಕಿ, ಮೆಣಸು ತುಂಬಿದ ಸೆಟ್ಟರೂ ಒಂದೇ ಬಂದರಿನಲ್ಲಿ ಲೆಕ್ಕ ಮಾಡುತ್ತಿದ್ದ ಊರು ಅದು. ಹಾಡುವಳ್ಳಿಯ ಮಠದ ಅಕಲಂಕದೇವರ ಶಿಷ್ಯ ಭಟ್ಟಾಕಲಂಕ ಕನ್ನಡಕ್ಕೆ 'ಕರ್ಣಾಟಕ ಶಬ್ದಾನುಶಾಸನ' ಎಂಬ ವ್ಯಾಕರಣವನ್ನು ಬರೆದು ಮುಗಿಸಿದ್ದು 1604ರಲ್ಲಿ, ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ.

ಆಸ್ತಿಕರಿಗೆ ಆಕೆಯ ಬದುಕಿನ ಮೊದಲ ಪಾಠ ಇದೇ. ತನ್ನ ದೇವರಲ್ಲಿ ನಿಷ್ಠೆಯಿರುವವರು ಪರರ ದೇವರಿಗೆ ಹೆದರಬೇಕಾಗಿಲ್ಲ. ನಂಬಿಕೆ ಗಟ್ಟಿಯಿದ್ದಷ್ಟೂ ಬಾಗಿಲು ಅಗಲವಾಗಬಹುದು.

ಗೆದ್ದವಳಿಗೆ ಹಾಡು, ಸೋತವಳಿಗೆ ಅಪವಾದ

ಇಷ್ಟರವರೆಗೆ ಇಬ್ಬರೂ ಒಂದೇ ದಾರಿಯವರು. ಮುಂದೆ ದಾರಿ ಕವಲಾಗುತ್ತದೆ. ದೆಬೋರಾ ಗೆದ್ದಳು. ಚೆನ್ನಭೈರಾದೇವಿ ಕೊನೆಗೆ ಸೋತಳು. 1606ರ ಸುಮಾರಿಗೆ ಇಕ್ಕೇರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದುಕೊಂಡ. ಮುದುಕಿಯಾಗಿದ್ದ ರಾಣಿ ಸೆರೆಯಾಗಿ ಇಕ್ಕೇರಿಯಲ್ಲಿ ಕೊನೆಯುಸಿರೆಳೆದಳೆಂದು ಹೇಳುತ್ತಾರೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಅರಮನೆ ಬಿದ್ದು ಮರಗಿಡ ಬೆಳೆದಿತ್ತು. ಕೆಲವು ಗುಡಿಸಲುಗಳು ಉಳಿದಿದ್ದವು. ಕೊನೆಯ ರಾಣಿ ಪರದೇಶಿಯಾದ ಒಬ್ಬ ಸಾಮಾನ್ಯನನ್ನು ಪ್ರೀತಿಸಿ ರಾಜ್ಯವನ್ನೇ ಅವನ ಕೈಗಿತ್ತಳು, ಅದರಿಂದಲೇ ನಾಡು ಹಾಳಾಯಿತು ಎಂದು ಅವನು ಬರೆದಿಟ್ಟ. ಈ ಮಾತನ್ನು ಓದುವ ವಿದ್ಯಾರ್ಥಿ ಪ್ರಯೋಗಶಾಲೆಯ ಮೂರು ಪ್ರಶ್ನೆಗಳನ್ನು ಇಲ್ಲೂ ಕೇಳಬೇಕು. ಕಂಡವರು ಯಾರು? ಯಾವಾಗ ಕಂಡರು? ಹೇಳಿದವರಿಗೆ ಅದರಿಂದ ಏನು ಲಾಭ? ಪ್ರವಾಸಿ ಬಂದದ್ದು ರಾಣಿ ಸೋತ ಸುಮಾರು ಹದಿನೇಳು ವರ್ಷಗಳ ನಂತರ. ಅವನು ಸಾಗಿದ್ದು ಗೆದ್ದವನ ರಾಜ್ಯದಲ್ಲಿ. ಅವನ ಜೊತೆಗಿದ್ದವರು ರಾಣಿಯ ಹಳೆಯ ವೈರಿಗಳು. ಕತೆ ಸುಳ್ಳೆಂದು ಇಷ್ಟರಿಂದಲೇ ಸಾಬೀತಾಗದು. ಆದರೆ ನಿಜವೆಂದು ಒಪ್ಪಲು ಆಧಾರ ಸಾಲದು.

ಅದೇ ವರ್ಷ ಅದೇ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಆಕೆ ಬರಿಗಾಲಿನಲ್ಲಿ, ನೀರು ಹರಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ನಡೆದು ಹೊರಟಿದ್ದಳು. ಕೇಳಿ ಬರೆದಾಗ ಕರಾವಳಿಯ ರಾಣಿ ಮೋಹಕ್ಕೆ ರಾಜ್ಯ ಕಳೆದವಳು; ಕಂಡು ಬರೆದಾಗ ಕೆಲಸದಲ್ಲಿ ಮುಳುಗಿದವಳು. ಎರಡರ ನಡುವಿನ ಅಂತರವನ್ನು ಓದುಗರೇ ಅಳೆದುಕೊಳ್ಳಬಹುದು.

ಮನೆಯಂಗಳಕ್ಕೆ ಬಂದರೆ

ಈ ಮಾತು ನಾನೂರು ವರ್ಷ ಹಳೆಯದೆಂದು ಬಿಟ್ಟುಬಿಡುವಂತಿಲ್ಲ. ಹತ್ತನೆಯ ತರಗತಿಯ ಫಲಿತಾಂಶದ ದಿನ ಗೆದ್ದ ಮಕ್ಕಳ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಎಡವಿದ ಮಗುವಿಗೆ ಮನೆಯಲ್ಲೇ ಹೆಸರಿಡುತ್ತಾರೆ: ಮೊಬೈಲು ನೋಡಿ ಕೆಟ್ಟ, ಗೆಳತಿಯರ ಸಂಗದಿಂದ ಕೆಟ್ಟಳು. ಹತ್ತು ವರ್ಷದ ದುಡಿಮೆ ಒಂದು ದಿನದ ಅಂಕಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ಹೊನ್ನಾವರದ ಹುಡುಗಿಯೊಬ್ಬಳು ಓದಲು ಮಂಗಳೂರಿಗೋ ಧಾರವಾಡಕ್ಕೋ ಹೋಗಬೇಕೆಂದರೆ, ಆಕೆಯ ಬುದ್ಧಿಗಿಂತ ಮೊದಲು 'ನಾಲ್ಕು ಜನ ಏನೆಂದಾರು' ಎಂಬುದು ತೂಕಕ್ಕೆ ಬರುತ್ತದೆ. ಆ ನಾಲ್ಕು ಜನರ ಮಾತಿಗೂ ಆ ಪ್ರವಾಸಿಯ ಕಿವಿಗೆ ಬಿದ್ದ ಮಾತಿಗೂ ಏನು ವ್ಯತ್ಯಾಸ?

ಐವತ್ತು ವರ್ಷ ಒಂದು ನಾಡನ್ನು ಹಿಡಿದು ನಿಲ್ಲಿಸಿದವಳನ್ನು ಅವಳ ಕೊನೆಯ ಸೋಲಿನಿಂದ ಅಳೆಯಬಾರದು. ದೆಬೋರಾಳ ಪಾಠವೂ ಗೆಲುವಿನಲ್ಲಿಲ್ಲ. ವೀರನೇ ಹಿಂಜರಿದಾಗ ಬರುತ್ತೇನೆಂದು ಹೊರಟ ಆ ಒಂದು ಹೆಜ್ಜೆಯಲ್ಲಿ ಅದು ಇದೆ. ಹೊಳೆ ಉಕ್ಕುವುದು ಮನುಷ್ಯರ ಕೈಯಲ್ಲಿಲ್ಲ. ಕೀಷೋನ್ ದೆಬೋರಾಳ ಪರವಾಗಿ ಉಕ್ಕಿತು, ಶರಾವತಿ ಚೆನ್ನಭೈರಾದೇವಿಯ ಪರವಾಗಿ ಉಕ್ಕಲಿಲ್ಲ. ಹೆಜ್ಜೆಯಿಡುವುದು ಮಾತ್ರ ಇಬ್ಬರ ಕೈಯಲ್ಲಿತ್ತು, ಇಬ್ಬರೂ ಇಟ್ಟರು. ಯಾವ ಧರ್ಮದ ಆಸ್ತಿಕರಾದರೂ ದೇವರನ್ನು ಕೇಳಬೇಕಾದದ್ದು ಆ ಹೆಜ್ಜೆಗೆ ಬೇಕಾದ ಬಲವನ್ನು. ಫಲ ಬಾರದಾಗ, ನಡೆದವರನ್ನು ಹಳಿಯದಿರುವುದೂ ಭಕ್ತಿಯ ಒಂದು ಭಾಗವೇ.

ಮಿರ್ಜಾನದ ಕೋಟೆಯನ್ನು ರಾಣಿ ಕಟ್ಟಿಸಿದಳೆಂದು ಜನ ನಂಬುತ್ತಾರೆ. ಬಿಜಾಪುರದ ಸರದಾರ ಷರೀಫ್-ಉಲ್-ಮುಲ್ಕನ ಹೆಸರನ್ನು ಹೇಳುವವರೂ ಇದ್ದಾರೆ. ಪುರಾತತ್ವದವರು ಅಗೆದಾಗ ಅಲ್ಲಿ ಚೀನಾದ ಪಿಂಗಾಣಿಯ ಚೂರುಗಳೂ ಫಿರಂಗಿಯ ಗುಂಡುಗಳೂ ಸಿಕ್ಕಿವೆ. ಮುಂದಿನ ಸಲ ಶಾಲೆಯ ಬಸ್ಸು ಅಲ್ಲಿ ನಿಂತಾಗ, ಬುತ್ತಿ ಬಿಚ್ಚುವ ಮೊದಲು ಗುರುಗಳು ಮಕ್ಕಳನ್ನು ಗೋಡೆಯ ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ ಈ ಇಬ್ಬರು ಹೆಂಗಸರ ಕತೆ ಹೇಳಲಿ. ಕತೆ ಕೇಳಿದ ಮಗಳು ಸಂಜೆ ಮನೆಗೆ ಬಂದು ತನಗೂ ಒಂದು ಜವಾಬ್ದಾರಿ ಕೊಡಿ ಎಂದು ಕೇಳಿಯಾಳು. ಆಗ 'ನಿನ್ನಿಂದಾಗದು' ಎಂಬ ಮಾತು ತಂದೆತಾಯಿಯ ಬಾಯಲ್ಲಿ ಬಾರದಿರಲಿ.