ಸುಂಕದವನ ಮುಂದೆ ಡೇಟಾ

ನಾಸಾದಂಥ ನಾಸಾ ಕೂಡ ಈ ಲೆಕ್ಕದಲ್ಲಿ ತಡವರಿಸಿತ್ತು. ಭೂಮಿಯನ್ನು ಗಮನಿಸುವ ಉಪಗ್ರಹಗಳ ಮಾಹಿತಿಯನ್ನು ಅಮೆಜಾನ್‌ನ ಕ್ಲೌಡ್‌ಗೆ ಸಾಗಿಸಲು ಅದು ಯೋಜನೆ ಹಾಕಿಕೊಂಡಿತ್ತು. ಆಗ 32 ಪೆಟಾಬೈಟ್ ಇದ್ದ ಭಂಡಾರ 2025ರ ಹೊತ್ತಿಗೆ 247 ಪೆಟಾಬೈಟ್ ಆಗಬಹುದೆಂಬ ಅಂದಾಜಿತ್ತು. 2020ರ ಮಾರ್ಚ್‌ನಲ್ಲಿ ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ತಕರಾರು ಎತ್ತಿತು: ಡೇಟಾ ಇಡುವುದಕ್ಕೆ ಆಗುವ ಖರ್ಚು ಸರಿ, ಜಗತ್ತಿನ ವಿಜ್ಞಾನಿಗಳು ಅದನ್ನು ಡೌನ್‌ಲೋಡ್ ಮಾಡಿಕೊಂಡಾಗ ನಾಸಾ ತೆರಬೇಕಾದ ಹಣದ ಲೆಕ್ಕ ಎಲ್ಲಿ? ಭಂಡಾರ ಇಷ್ಟು ಉಬ್ಬುವುದಕ್ಕೆ ಕಾರಣವಾದ ಯೋಜನೆಗಳಲ್ಲಿ ನಿಸಾರ್ ಕೂಡ ಒಂದು. ಇಸ್ರೊ ಮತ್ತು ನಾಸಾ ಜಂಟಿಯಾಗಿ ರೂಪಿಸಿ, ಬೆಂಗಳೂರಿನಲ್ಲಿ ಜೋಡಿಸಿ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ಉಪಗ್ರಹ ಅದು.

ಕ್ಲೌಡ್ ವ್ಯಾಪಾರದ ಕಟ್ಟಳೆಯೇ ಹೀಗೆ. ಡೇಟಾ ಒಳಗೆ ಬರುವಾಗ ಪುಕ್ಕಟೆ, ಹೊರಗೆ ಹೋಗುವಾಗ ಸುಂಕ.

ಒಂದೇ ಕ್ಲೌಡ್ ಇದ್ದರೆ ಇದು ಹೇಗೋ ನಡೆಯುತ್ತದೆ. ಆದರೆ ದೊಡ್ಡ ಕಂಪನಿಗಳು ಇಂದು ಎರಡು-ಮೂರು ಕಡೆ ಕಾಲಿಟ್ಟಿವೆ. ಕೆಲವೊಮ್ಮೆ ಅದು ಆಯ್ಕೆಯಲ್ಲ: ಕೊಂಡುಕೊಂಡ ಕಂಪನಿ ಬೇರೆ ಕ್ಲೌಡ್‌ನಲ್ಲಿ ಇರುತ್ತದೆ, ಅದೂ ಜೊತೆಗೆ ಬರುತ್ತದೆ. ಕೆಲವೊಮ್ಮೆ ಮುಂಜಾಗ್ರತೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಖಾಸಗಿ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ತಪ್ಪಿನಿಂದ ಅಳಿಸಿಹೋಯಿತು. ಬೇರೊಬ್ಬರ ಬಳಿ ಇಟ್ಟಿದ್ದ ಬ್ಯಾಕಪ್ ಆ ದಿನಗಳಲ್ಲಿ ಕೈಹಿಡಿಯಿತು. ಇಂಥ ಸುದ್ದಿ ಓದಿದ ಯಾವ ಐಟಿ ಮುಖ್ಯಸ್ಥನೂ ಒಂದೇ ಕ್ಲೌಡ್ ನಂಬಿ ಕೂರಲಾರ.

ಹೀಗೆ ಚದುರಿದ ಕ್ಲೌಡ್‌ಗಳನ್ನು ಒಂದೇ ಪರದೆಯಿಂದ ಬೆಸೆಯುವ ಸಾಫ್ಟ್‌ವೇರ್‌ಗೇ ಮಲ್ಟಿ-ಕ್ಲೌಡ್ ನೆಟ್‌ವರ್ಕಿಂಗ್ ಎನ್ನುತ್ತಾರೆ. ಏವಿಯಾಟ್ರಿಕ್ಸ್, ಅಲ್ಕಿರಾ, ಸಿಸ್ಕೊ ಈ ಕಣದಲ್ಲಿವೆ. ಎಫ್5 ಕಂಪನಿ 2021ರಲ್ಲಿ ಸುಮಾರು 50 ಕೋಟಿ ಡಾಲರ್ ಕೊಟ್ಟು ವೋಲ್ಟೆರಾವನ್ನು ಖರೀದಿಸಿತು. ಕೊಟೇಶನ್ ಬಂದಾಗ ಎಲ್ಲರ ಕಣ್ಣು ಹೋಗುವುದು ಲೈಸೆನ್ಸ್ ದರದ ಮೇಲೆ. ಚೌಕಾಸಿಯೂ ಅಲ್ಲಿಯೇ. ಆದರೆ ಆ ಸಾಫ್ಟ್‌ವೇರ್ ಓಡುವುದು ಬಾಡಿಗೆಯ ಸರ್ವರ್ ಮೇಲೆ, ಅದು ತಳ್ಳುವ ಡೇಟಾ ಸಾಗುವುದು ಬಾಡಿಗೆಯ ದಾರಿಯ ಮೇಲೆ. ಆ ಎರಡೂ ಬಾಡಿಗೆ ಕೊಟೇಶನ್‌ನಲ್ಲಿ ಇರುವುದಿಲ್ಲ, ತಿಂಗಳ ಕೊನೆಗೆ ಕ್ಲೌಡ್ ಕಂಪನಿಯ ಬಿಲ್‌ನಲ್ಲಿ ಬರುತ್ತವೆ.

ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ಪ್ರಕಟಿಸಿರುವ ದರಗಳನ್ನೇ ಹಿಡಿದು ನೋಡಬಹುದು. ತಿಂಗಳಿಗೆ 10 ಟೆರಾಬೈಟ್, ಅಂದರೆ ಹೆಚ್ಚುಕಡಿಮೆ 10,000 ಜಿಬಿ ಡೇಟಾ ಇನ್ನೊಂದು ಕ್ಲೌಡ್‌ಗೆ ಇಂಟರ್ನೆಟ್ ಮೂಲಕ ಹೋಗಬೇಕು. ಹೊರಹೋಗುವ ಸುಂಕ ಜಿಬಿಗೆ 9 ಸೆಂಟ್, ಒಟ್ಟು 900 ಡಾಲರ್. ಎಲ್ಲ ವಿಭಾಗಗಳ ಸಂಚಾರವನ್ನೂ ಒಂದೇ ಬಾಗಿಲಿನಿಂದ ಹೊರಬಿಡುವುದು ಭದ್ರತಾ ತಂಡಗಳಿಗೆ ಪ್ರಿಯವಾದ ವಿನ್ಯಾಸ. ಅದಕ್ಕಾಗಿ ಡೇಟಾ ಮೊದಲು ವಿಭಾಗಗಳ ಜಾಲಗಳನ್ನು ಬೆಸೆಯುವ ಟ್ರಾನ್ಸಿಟ್ ಗೇಟ್‌ವೇ ದಾಟುತ್ತದೆ: ಜಿಬಿಗೆ 2 ಸೆಂಟ್, 200 ಡಾಲರ್. ಆಮೇಲೆ ಇಂಟರ್ನೆಟ್‌ಗೆ ಹೊರಬಿಡುವ ನ್ಯಾಟ್ ಗೇಟ್‌ವೇ: ಜಿಬಿಗೆ ನಾಲ್ಕೂವರೆ ಸೆಂಟ್, 450 ಡಾಲರ್. 900 ಇದ್ದದ್ದು 1,550 ಆಯಿತು. ತಿಂಗಳ ಮೊದಲ 100 ಜಿಬಿ ಉಚಿತವೆಂಬ ರಿಯಾಯಿತಿಯಿಂದ ಉಳಿಯುವುದು 9 ಡಾಲರ್. ಗೇಟ್‌ವೇಗಳ ಗಂಟೆ ಬಾಡಿಗೆ ಇನ್ನೂ ಇದಕ್ಕೆ ಸೇರಿಲ್ಲ.

ಮಲ್ಟಿ-ಕ್ಲೌಡ್ ಸಾಫ್ಟ್‌ವೇರ್‌ನ ಒಂದು ಗೇಟ್‌ವೇ ಕೆಟ್ಟರೂ ಕೆಲಸ ನಿಲ್ಲಬಾರದೆಂದು ಜೋಡಿ ಇಡುತ್ತಾರೆ. ಸರ್ವರ್ ಬಾಡಿಗೆ ಇಮ್ಮಡಿಯಾಗುತ್ತದೆ. ಆ ಜೋಡಿ ಬೇರೆ ಬೇರೆ ವಲಯದಲ್ಲಿ, ಅಂದರೆ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇದ್ದರೆ ನಡುವೆ ಓಡಾಡುವ ಪ್ರತಿ ಜಿಬಿಗೆ ಎರಡೂ ಕಡೆ ಒಂದೊಂದು ಸೆಂಟ್. 2024ರ ಫೆಬ್ರುವರಿಯಿಂದ ಸಾರ್ವಜನಿಕ ಐಪಿ ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಬಾಡಿಗೆ ಇದೆ. ಒಂದು ವಿಳಾಸಕ್ಕೆ ವರ್ಷಕ್ಕೆ 44 ಡಾಲರ್ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸಾವಿರಾರು ವಿಳಾಸ ಇರುವವರನ್ನು ಬಿಟ್ಟು.

ಪರ್ಯಾಯವಿಲ್ಲ ಎಂದಲ್ಲ. ಖಾಸಗಿ ಲೈನ್ ಹಾಕಿಸಿಕೊಂಡರೆ ಅದೇ ವರ್ಜೀನಿಯಾದಲ್ಲಿ ಹೊರಹೋಗುವ ದರ ಜಿಬಿಗೆ 2 ಸೆಂಟ್‌ಗೆ ಇಳಿಯುತ್ತದೆ. 1 ಗಿಗಾಬಿಟ್ ಪೋರ್ಟ್‌ನ ಬಾಡಿಗೆ ಗಂಟೆಗೆ 30 ಸೆಂಟ್, ತಿಂಗಳಿಗೆ ಸುಮಾರು 216 ಡಾಲರ್. ಮೇಲಿನ 10 ಟೆರಾಬೈಟ್‌ಗೆ ಈ ಎರಡೂ ಸೇರಿ 416 ಡಾಲರ್. ಜೊತೆಗೆ ಡೇಟಾ ಸೆಂಟರ್‌ನವರ ಕೇಬಲ್ ಶುಲ್ಕ, ಆಚೆ ಕ್ಲೌಡ್‌ನ ಪೋರ್ಟ್ ಬಾಡಿಗೆ. ಡೇಟಾ ಹೆಚ್ಚಿದಷ್ಟೂ ಇದು ಲಾಭ. ಕಡಿಮೆ ಇದ್ದರೆ ಖಾಲಿ ಪೋರ್ಟ್‌ಗೆ ಬಾಡಿಗೆ ಕಟ್ಟಿದಂತೆ. ಒಳ್ಳೆಯ ಸಾಫ್ಟ್‌ವೇರ್ ತನ್ನ ಬೆಲೆ ದುಡಿದುಕೊಳ್ಳುವುದು ಇಲ್ಲಿ: ಯಾವ ಆ್ಯಪ್ ಎಷ್ಟು ಜಿಬಿಯನ್ನು ಯಾವ ದಾರಿಯಲ್ಲಿ ಕಳಿಸುತ್ತಿದೆ ಎಂದು ತೋರಿಸಿ, ಅಗ್ಗದ ದಾರಿಗೆ ತಿರುಗಿಸುವುದರಲ್ಲಿ. ಅದನ್ನು ಮಾಡದೆ ಬರೀ ಬಣ್ಣದ ನಕ್ಷೆ ತೋರಿಸುವುದಾದರೆ ಇನ್ನೊಂದು ಬಿಲ್ ಸೇರಿತು, ಅಷ್ಟೇ. ಹಾಗಾಗಿ ಡೇಟಾ ಹರಿಯುವ ನಕ್ಷೆಯನ್ನು ಬರೆದುಕೊಳ್ಳದೆ ಮಾರಾಟಗಾರರನ್ನು ಕರೆಸುವುದು ಅವಸರದ ಕೆಲಸ.

ಸುಂಕದವರ ಮೇಲೂ ಈಗ ಒತ್ತಡ ಬಿದ್ದಿದೆ. 2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೊಸಾಫ್ಟ್, ತಮ್ಮ ಕ್ಲೌಡ್ ಬಿಟ್ಟು ಹೋಗುವವರಿಗೆ ಹೊರಹೋಗುವ ಶುಲ್ಕ ಮನ್ನಾ ಮಾಡುವುದಾಗಿ ಸಾರಿದವು. ಇದು ಹೊರಡುವವರಿಗೆ ಕೊಟ್ಟ ವಿನಾಯಿತಿ. ಎರಡೂ ಕಡೆ ಸಂಸಾರ ಹೂಡಿ ದಿನನಿತ್ಯ ಡೇಟಾ ಓಡಾಡಿಸುವವರಿಗೆ ಅಲ್ಲ. ಐರೋಪ್ಯ ಒಕ್ಕೂಟದ ಡೇಟಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿರುವ ಅದು, ಕ್ಲೌಡ್ ಬದಲಿಸುವ ಶುಲ್ಕವನ್ನು 2027ರ ಜನವರಿ 12ರಿಂದ ಪೂರ್ತಿ ನಿಷೇಧಿಸುತ್ತದೆ. ಏಕಕಾಲಕ್ಕೆ ಹಲವು ಕ್ಲೌಡ್ ಬಳಸುವವರಿಂದಲೂ ತಗಲಿದ ವೆಚ್ಚಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ.

ಭಾರತದ ಗ್ರಾಹಕರಿಗೆ ಆ ಕಾನೂನಿನ ನೆರಳಿಲ್ಲ. ನೆಟ್‌ವರ್ಕ್ ಎಂಜಿನಿಯರ್‌ಗಳು ತುಂಬಿರುವ ಬೆಂಗಳೂರಿನಲ್ಲಿ ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್ ಮೂವರದ್ದೂ ಕ್ಲೌಡ್ ರೀಜನ್ (ಡೇಟಾ ಸೆಂಟರ್‌ಗಳ ಸಮೂಹ) ಇಲ್ಲ. ಇಲ್ಲಿನ ಕಂಪನಿಗಳ ಡೇಟಾ ಮುಂಬೈ, ಹೈದರಾಬಾದ್, ಪುಣೆ, ಚೆನ್ನೈ, ದೆಹಲಿಗಳಲ್ಲಿ ಕೂರುತ್ತದೆ. ಅಮೆಜಾನ್‌ನ ದರಪಟ್ಟಿಯಲ್ಲಿ ಮುಂಬೈಯಿಂದ ಹೊರಹೋಗುವ ಮೊದಲ 10 ಟೆರಾಬೈಟ್‌ಗೆ ಜಿಬಿಗೆ 10.93 ಸೆಂಟ್, ವರ್ಜೀನಿಯಾಕ್ಕಿಂತ ಸುಮಾರು ಎರಡು ಸೆಂಟ್ ಜಾಸ್ತಿ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ.